ಕಾರ್ಡೂನ್ ಬೆಳೆಯುವ ಬಗೆ: ನೋಡೋಕೊಂದು ಗಿಡ, ತಿನ್ನೋಕೊಂದು ಗಿಡ

"ದಂಟು ಬೇವಿನಷ್ಟು ಕಹಿ." "ಸುತ್ತಿ ಕಟ್ಟಿದ್ದೆ, ಬಿಚ್ಚಿ ನೋಡಿದರೆ ಒಳಗೆಲ್ಲ ಲೋಳೆ." "ಮೊದಲ ಚಳಿಗಾಲಕ್ಕೇ ಹೋಯಿತು." ಇಂಗ್ಲೆಂಡಿನಲ್ಲಿ ಅಲಾಟ್‌ಮೆಂಟ್ (ಬಾಡಿಗೆಗೆ ಸಿಗುವ ತೋಟದ ತುಂಡು) ಹಿಡಿದು ತರಕಾರಿ ಬೆಳೆಯುವ ನಮ್ಮ ಜನ ಕಾರ್ಡೂನ್ ಬಗ್ಗೆ ಪ್ರತಿ ವರ್ಷ ಹೇಳುವುದು ಈ ಮೂರೇ ಮಾತು. ಮೂರೂ ನನಗೆ ಆಗಿದೆ. ಮೂರಕ್ಕೂ ಬೇರೆ ಬೇರೆ ಕಾರಣ ಇದೆ ಅಂದುಕೊಂಡಿದ್ದೆ. ಹುಡುಕುತ್ತಾ ಹೋದರೆ ಮೂಲ ಒಂದೇ: ಒಂದೇ ಗಿಡದಿಂದ ಎರಡು ಕೆಲಸ ಮಾಡಿಸಲು ಹೋಗಿದ್ದೆ.

ಗೊತ್ತಿಲ್ಲದವರಿಗೆ ಎರಡೇ ಮಾತು. ಕಾರ್ಡೂನ್ ಮತ್ತು ಆರ್ಟಿಚೋಕ್ ಒಂದೇ ಜಾತಿಯ ಗಿಡಗಳು. ಆರ್ಟಿಚೋಕ್‌ನಲ್ಲಿ ಮೊಗ್ಗು ತಿನ್ನುತ್ತೇವೆ, ಕಾರ್ಡೂನ್‌ನಲ್ಲಿ ಎಲೆಯ ದಪ್ಪ ದಂಟು. ನಮ್ಮ ವಿಜಯಪುರ, ಕಲಬುರಗಿ ಕಡೆಯ ಕುಸುಬೆಗೆ ಇದು ದೂರದ ನೆಂಟ. ಕುಸುಬೆ ಹೊಲದಲ್ಲಿ ಓಡಾಡಿದವರಿಗೆ ಮುಳ್ಳಿನ ವಿಷಯ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಹೇಳುವ ತಿಂಗಳುಗಳೆಲ್ಲ ಇಂಗ್ಲೆಂಡಿನ ಲೆಕ್ಕ. ಕ್ಯಾಲಿಫೋರ್ನಿಯಾ ಅಥವಾ ಆಸ್ಟ್ರೇಲಿಯಾದಲ್ಲಿ ಇರುವವರು ಬೀಜ ಕೊಳ್ಳುವ ಮೊದಲೇ ಊರಿನ ನಿಯಮ ನೋಡಿಕೊಳ್ಳಿ. ಅಲ್ಲಿ ಇದು ಬೇಲಿ ಹಾರಿ ಹುಲ್ಲುಗಾವಲು ನುಂಗಿದ ಕಳೆ.

## 1. ಮೊದಲು ತೀರ್ಮಾನ: ಕಣ್ಣಿಗೋ, ಬಾಯಿಗೋ?

ಹೂ ಬಿಟ್ಟ ಕಾರ್ಡೂನ್ 6ರಿಂದ 8 ಅಡಿ ಎತ್ತರ ನಿಲ್ಲುತ್ತದೆ. ಬೆಳ್ಳಿ ಬಣ್ಣದ ಎಲೆ, ತುದಿಯಲ್ಲಿ ನೇರಳೆ ಹೂವು. ನೋಡಲು ರಾಜಗಾಂಭೀರ್ಯ, ನಿಜ. ಆದರೆ ಹೂವಿನ ಕಾಂಡ ಮೇಲೆದ್ದಿತು ಅಂದರೆ ದಂಟಿನ ಕಥೆ ಮುಗಿಯಿತು. ಗಿಡದ ಶಕ್ತಿಯೆಲ್ಲ ಹೂವಿಗೆ ಹೋಗುತ್ತದೆ. ದಂಟು ನಾರಾಗಿ, ಒಳಗೆ ಟೊಳ್ಳಾಗಿ, ಬಾಯಿಗಿಡಲು ಆಗದಷ್ಟು ಕಹಿಯಾಗುತ್ತದೆ.

ಇನ್ನೊಂದು ಕಡೆ, ತಿನ್ನಲು ಬೆಳೆದ ಗಿಡಕ್ಕೆ ಶರತ್ಕಾಲದಲ್ಲಿ ರಟ್ಟು ಸುತ್ತಿ, ಬೆಳಕು ತಪ್ಪಿಸಿ ಕಹಿ ಇಳಿಸಿ, ಆಮೇಲೆ ಬುಡದಿಂದ ಕಡಿಯಬೇಕು. ಅದರಿಂದ ಮುಂದಿನ ಬೇಸಿಗೆಗೆ ಒಳ್ಳೆಯ ಹೂವು ಕೇಳಬಾರದು.

ಹಾಗಾಗಿ ಕನಿಷ್ಠ ಎರಡು ಗಿಡ ಇಡಿ. ಒಂದು ಹೂವಿನ ಮಡಿಯ ಹಿಂಭಾಗದಲ್ಲಿ, ಯಾವತ್ತೂ ಕಡಿಯದೆ. ಇನ್ನೊಂದು ತರಕಾರಿ ಪಾತಿಯಲ್ಲಿ, ಹೂ ಬಿಡಲು ಬಿಡದೆ. ಜಾಗ ಒಂದೇ ಗಿಡಕ್ಕೆ ಸಾಕು ಅನ್ನುವವರು ಹೂವಿಗೇ ಇಟ್ಟುಕೊಳ್ಳಿ. ಒಂದು ಗಿಡದ ದಂಟು ಸುಲಿದು ಬೇಯಿಸಿದರೆ ನಾಲ್ಕು ಜನಕ್ಕೆ ಒಂದು ಹೊತ್ತಿನ ಪಲ್ಯ ಆದರೆ ಹೆಚ್ಚು.

## 2. ಬೀಜ ಮತ್ತು ಸಾಮಾನು

ಬೀಜದ ಪೊಟ್ಟಣದಲ್ಲೇ ಅರ್ಧ ಜನ ಎಡವುತ್ತಾರೆ. ಹೂಗಿಡಗಳ ಸಾಲಿನಲ್ಲಿ ಸುಮ್ನೆ "ಕಾರ್ಡೂನ್" ಎಂದು ಮಾರುವ ಬೀಜ ಹೆಚ್ಚಾಗಿ ಮುಳ್ಳಿನ, ತೆಳು ದಂಟಿನ ಗಿಡ. ನನ್ನ ಮೊದಲ ಸಸಿ ಒಂದು ನರ್ಸರಿಯಿಂದ ತಂದದ್ದು. "ತಿನ್ನಬಹುದಾ?" ಎಂದು ಕೇಳಿ, "ಓಹೋ" ಅನ್ನಿಸಿಕೊಂಡೇ ತಂದೆ. ಬೆರಳಿನಷ್ಟು ದಂಟು, ಎಲೆಯ ಬುಡದಲ್ಲೆಲ್ಲ ಸೂಜಿ. ಅದು ಈಗಲೂ ಇದೆ, ನೋಡಲು ಚಂದ.

ತಿನ್ನಲು ತರಕಾರಿ ತಳಿಯನ್ನೇ ಹೆಸರು ಹಿಡಿದು ಕೊಳ್ಳಿ. ಫ್ರೆಂಚ್ ತಳಿ "ಪ್ಲೆನ್ ಬ್ಲಾಂ ಇನೆರ್ಮ್" ದಪ್ಪ ದಂಟಿನದು. ಇನೆರ್ಮ್ ಅಂದರೆ ಮುಳ್ಳಿಲ್ಲದ್ದು ಎಂದರ್ಥ. ಇಟಲಿಯ "ಜಿಗಾಂತೆ ದಿ ರೊಮಾನ್ಯಾ" ಕೂಡ ಒಳ್ಳೆಯದು. "ರೂಜ್ ದಾಲ್ಜೆ" ಕೆಂಪು ದಂಟಿನದು, ಎರಡೂ ಕಡೆ ಸಲ್ಲುತ್ತದೆ. ಮುಳ್ಳಿಲ್ಲ ಎಂದು ಬರೆದಿದ್ದರೂ ಅಲ್ಲೊಂದು ಇಲ್ಲೊಂದು ಮುಳ್ಳಿನ ಸಸಿ ಹುಟ್ಟುತ್ತದೆ. ಬೇಕಾದ್ದಕ್ಕಿಂತ ನಾಲ್ಕು ಬೀಜ ಜಾಸ್ತಿ ಹಾಕಿ, ಮುಳ್ಳಿನವನ್ನೂ ಸೊರಗಿದವನ್ನೂ ಕಿತ್ತೆಸೆಯಿರಿ.

ಬೇಕಾಗುವ ಸಾಮಾನು: ಆಳವಾದ 9 ಸೆಂಟಿಮೀಟರ್ ಕುಂಡಗಳು, ಮೊಣಕೈವರೆಗೆ ಬರುವ ದಪ್ಪ ಕೈಗವಸು, ಅಗೆಯುವ ಫೋರ್ಕ್, 6 ಅಡಿಯ ಗೂಟ, ಸೆಣಬಿನ ಹುರಿ, ದೊಡ್ಡ ರಟ್ಟಿನ ಪೆಟ್ಟಿಗೆಗಳು, ಹರಿತವಾದ ಚಾಕು. ರಟ್ಟಿಗೆ ದುಡ್ಡು ಕೊಡಬೇಡಿ. ಫ್ರಿಜ್ ಮಾರುವ ಅಂಗಡಿಯ ಹಿಂದೆ ಬೇಕಾದಷ್ಟು ಬಿದ್ದಿರುತ್ತದೆ. ಮೇಲಿನ ಟೇಪು, ಪಿನ್ನು ಕಿತ್ತು ಒಣ ಜಾಗದಲ್ಲಿ ಇಟ್ಟುಕೊಳ್ಳಿ.

## 3. ಬಿತ್ತನೆ

ಹೂವಿನ ಗಿಡಕ್ಕಾದರೆ ಮಾರ್ಚಿನಲ್ಲಿ ಬಿತ್ತಿ. ತಿನ್ನುವ ಗಿಡಕ್ಕೆ ಏಪ್ರಿಲ್‌ವರೆಗೆ ಕಾಯಿರಿ. ತೀರಾ ಬೇಗ ಬಿತ್ತಿದ ಸಸಿಗೆ ಚಳಿ ತಗುಲಿದರೆ ಮೊದಲ ವರ್ಷವೇ ಹೂವಿಗೆ ಏಳುವ ಚಟ ಇದೆ. ಇಟಲಿಯ ನಿಜ್ಜಾ ಮೊನ್‌ಫೆರ್ರಾತೊದಲ್ಲಿ, ಕಾರ್ಡೂನ್ ಬೆಳೆಯುವುದನ್ನೇ ಕಸುಬಾಗಿ ಮಾಡಿಕೊಂಡವರು, ಬಿತ್ತುವುದೇ ಮೇ ತಿಂಗಳಿನಲ್ಲಿ.

ಬೀಜ ಸೂರ್ಯಕಾಂತಿ ಬೀಜದಷ್ಟು ದೊಡ್ಡದು, ಸಿಪ್ಪೆ ಗಟ್ಟಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ. ಕುಂಡಕ್ಕೆ 2 ಬೀಜ, ಬೆರಳಿನ ಒಂದು ಗೆಣ್ಣಿನ ಆಳಕ್ಕೆ. 18ರಿಂದ 20 ಡಿಗ್ರಿ ಬಿಸಿ ಇದ್ದರೆ 10 ದಿನಕ್ಕೆ ಮೊಳಕೆ ಕಾಣುತ್ತದೆ, ಕೆಲವಕ್ಕೆ 3 ವಾರ ಬೇಕು. ಎರಡೂ ಹುಟ್ಟಿದರೆ ಸೊರಗಿದ್ದನ್ನು ಕತ್ತರಿಯಿಂದ ಕತ್ತರಿಸಿ. ಕೀಳಬೇಡಿ, ಪಕ್ಕದ ಬೇರು ಅಲುಗುತ್ತದೆ.

ಈ ಗಿಡಕ್ಕೆ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಕುಂಡದ ತಳಕ್ಕೆ ಬಡಿದು ಸುತ್ತಿಕೊಂಡ ಬೇರು ಆಮೇಲೆ ನೇರವಾಗುವುದಿಲ್ಲ. ಕುಂಡದ ತೂತಿನಿಂದ ಬಿಳಿ ಬೇರು ಇಣುಕಿತು ಅಂದರೆ ಅದು ಎಚ್ಚರಿಕೆ. ಹೊರಗೆ ಇನ್ನೂ ಚಳಿ ಇದ್ದರೆ ದೊಡ್ಡ ಕುಂಡಕ್ಕೆ ಬದಲಿಸಿ.

## 4. ಜಾಗ ಮತ್ತು ನಾಟಿ

ಮೇ ಕೊನೆ, ಫ್ರಾಸ್ಟ್ (ರಾತ್ರಿ ಎಲೆಯ ಮೇಲೆ ಹಿಮ ಕಟ್ಟುವ ಚಳಿ) ಭಯ ಕಳೆದ ಮೇಲೆ ನೆಡಿ. ಅದಕ್ಕೂ ಮೊದಲು ಒಂದು ವಾರ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಗಾಳಿಗೆ ಒಗ್ಗಿಸಿ.

ದಿನವಿಡೀ ಬಿಸಿಲು ಬೇಕು. ಮಣ್ಣು ಆಳವಾಗಿರಬೇಕು, ನೀರು ಬಸಿಯಬೇಕು. ಈ ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯ. ಗುಂಡಿ ತೋಡಿ ಒಂದು ಬಕೆಟ್ ನೀರು ಸುರಿಯಿರಿ. ಒಂದು ಗಂಟೆ ಬಿಟ್ಟು ಬಂದು ನೋಡಿದಾಗಲೂ ನೀರು ನಿಂತಿದ್ದರೆ ಆ ಜಾಗ ಬೇಡ, ಅಥವಾ ಒಂದಡಿ ಏರುಮಡಿ ಮಾಡಿ. ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಜನವರಿಯಲ್ಲಿ ಬುಡ ಕೊಳೆತಾಗ ಗೊತ್ತಾಗುತ್ತದೆ.

ಗಿಡದಿಂದ ಗಿಡಕ್ಕೆ 4 ಅಡಿ ಬಿಡಿ. ಗೇಣುದ್ದದ ಸಸಿ ನೆಡುವಾಗ ಇದು ಹುಚ್ಚು ಅನ್ನಿಸುತ್ತದೆ. ಆಗಸ್ಟಿನಲ್ಲಿ ಮಧ್ಯೆ ಕಾಲಿಡಲು ಜಾಗ ಹುಡುಕುತ್ತೀರಿ. ಖಾಲಿ ಜಾಗ ನೋಡಿ ಸಂಕಟ ಆದರೆ ಜುಲೈವರೆಗೆ ಮೂಲಂಗಿ, ಲೆಟಿಸ್ ಹಾಕಿಕೊಳ್ಳಿ.

ಗುಂಡಿಗೆ ಒಂದು ಬಕೆಟ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಬೇರಿನ ಮಣ್ಣುಗಡ್ಡೆ ಒಡೆಯದೆ ಇಳಿಸಿ. ಸುಳಿ ಮಣ್ಣಿನ ಮಟ್ಟಕ್ಕಿಂತ ಒಂದು ಕೂದಲೆಳೆ ಮೇಲೆಯೇ ಇರಲಿ. ಮೊದಲ ಮೂರು ವಾರ ಸ್ಲಗ್ ಕಾಟ. ಚಿಪ್ಪಿಲ್ಲದ ಈ ಬಸವನಹುಳುಗಳು ಒಂದೇ ರಾತ್ರಿಯಲ್ಲಿ ಸಸಿ ಮುಗಿಸುತ್ತವೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಆರಿಸುವುದೇ ನನಗೆ ಕೆಲಸಕ್ಕೆ ಬಂದ ಉಪಾಯ.

## 5. ಬೇಸಿಗೆ: ನೀರು ತಪ್ಪಿದರೆ ಕಹಿ

ಮೆಡಿಟರೇನಿಯನ್ ಗಿಡ, ಬರ ತಡೆಯುತ್ತದೆ ಎಂದು ಎಲ್ಲರೂ ಓದಿರುತ್ತಾರೆ. ತಡೆಯುತ್ತದೆ, ಸಾಯುವುದಿಲ್ಲ. ಆದರೆ ಬಾಯಾರಿದ ಗಿಡದ ದಂಟು ಬೆಂಡಾಗಿ ಕಹಿಯಾಗುತ್ತದೆ. ಹೂವಿನ ಗಿಡಕ್ಕೆ ಬೇರೂರಿದ ಮೇಲೆ ನೀರು ಬೇಕಿಲ್ಲ. ತಿನ್ನುವ ಗಿಡಕ್ಕೆ ಮಳೆ ಇಲ್ಲದ ವಾರ 10 ಲೀಟರಿನ ಒಂದು ಕ್ಯಾನ್ ಬುಡಕ್ಕೆ, ನಿಧಾನವಾಗಿ. ದಿನಾ ಚಿಮುಕಿಸುವುದರಿಂದ ಪ್ರಯೋಜನ ಇಲ್ಲ, ಬೇರು ಮೇಲೆಯೇ ಉಳಿಯುತ್ತದೆ.

ಜೂನ್, ಜುಲೈನಲ್ಲಿ ಸುಳಿಯ ಹತ್ತಿರ ಕರಿ ಹೇನು ಕೂರುತ್ತದೆ. ಇರುವೆ ಸಾಲು ಹತ್ತುತ್ತಿದ್ದರೆ ಎಲೆ ಮಗುಚಿ ನೋಡಿ. ಜೋರಾಗಿ ನೀರು ಹೊಡೆದು ತೊಳೆದರೆ ಸಾಕು. ಎಲೆಯ ಸಂದಿಯಲ್ಲಿ ಹೇನು ಉಳಿದರೆ ಸುತ್ತಿ ಕಟ್ಟಿದಾಗ ಅಲ್ಲಿಂದಲೇ ಕೊಳೆ ಶುರು.

ತಿನ್ನುವ ಗಿಡದ ನಡುವಿನಿಂದ ಗಟ್ಟಿ ಕಾಂಡ ಏಳುವುದು ಕಂಡರೆ ಅದೇ ದಿನ ಬುಡಕ್ಕೆ ಕತ್ತರಿಸಿ. ಒಂದು ವಾರ ಬಿಟ್ಟು ನೋಡೋಣ ಅಂದರೆ ತಡವಾಯಿತು.

## 6. ಸುತ್ತಿ ಕಟ್ಟುವುದು

ಕಷ್ಟ ಇರುವುದೇ ಇಲ್ಲಿ. ದಂಟಿಗೆ ಬೆಳಕು ತಪ್ಪಿಸಿದರೆ ಹಸಿರು ಹೋಗಿ ಬಿಳಿಯಾಗುತ್ತದೆ, ಕಹಿ ಇಳಿಯುತ್ತದೆ, ನಾರು ಮೆತ್ತಗಾಗುತ್ತದೆ. ಸುತ್ತದೇ ಇದ್ದ ದಂಟನ್ನು ಎಷ್ಟು ಬೇಯಿಸಿದರೂ ಕಹಿ ಹೋಗುವುದಿಲ್ಲ. ಮೂರು ಸಲ ನೀರು ಬದಲಿಸಿ ನೋಡಿದ್ದೇನೆ.

ಸಮಯ: ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರ. ಗಿಡ ಕನಿಷ್ಠ ಸೊಂಟದೆತ್ತರ ಇರಬೇಕು. ಆಗಸ್ಟಿನ ಬಿಸಿಗೆ ಕಟ್ಟಿದರೆ ಒಳಗೆ ಬೆಂದು ಕೊಳೆಯುತ್ತದೆ. ನವೆಂಬರಿಗೆ ಮುಂದೂಡಿದರೆ ಬೆಳವಣಿಗೆ ನಿಂತಿರುತ್ತದೆ, ಬಿಳಿಯಾಗಲು ತಿಂಗಳುಗಟ್ಟಲೆ ಬೇಕು.

ಕ್ರಮ ಹೀಗೆ:

1. ಎರಡು ದಿನ ಮಳೆ ಇಲ್ಲದೆ ಇದ್ದ ಮಧ್ಯಾಹ್ನ ಆರಿಸಿ. ಬೆಳಗ್ಗೆ ಬೇಡ, ಇಬ್ಬನಿ ಎಲೆಯ ಬುಡದಲ್ಲಿ ಕೂತಿರುತ್ತದೆ. ಒದ್ದೆ ಗಿಡ ಕಟ್ಟುವುದೇ ಲೋಳೆಗೆ ಮೊದಲ ಕಾರಣ.

2. ಹಳದಿಯಾದ, ಮುರಿದ, ನೆಲಕ್ಕೆ ತಾಗಿದ ಎಲೆಗಳನ್ನೆಲ್ಲ ತೆಗೆಯಿರಿ. ಸಂದಿಗೆ ಕೈ ಹಾಕಿ ಸ್ಲಗ್ ಹುಡುಕಿ. ಕತ್ತಲ ಮನೆ ಕಟ್ಟಿಕೊಡುತ್ತಿದ್ದೀರಿ, ಒಂದು ಒಳಗೆ ಉಳಿದರೂ ಅದಕ್ಕೆ ಹಬ್ಬ.

3. ಇಬ್ಬರು ಬೇಕು. ಒಬ್ಬರು ಹುಲ್ಲಿನ ಹೊರೆ ತಬ್ಬಿದ ಹಾಗೆ ಎಲೆಗಳನ್ನು ಒಟ್ಟುಗೂಡಿಸಿ ಮೇಲಕ್ಕೆತ್ತಿ ಹಿಡಿಯಲಿ, ಇನ್ನೊಬ್ಬರು ಹುರಿ ಕಟ್ಟಲಿ. ಬುಡದಿಂದ ಒಂದಡಿಗೆ ಒಂದು, ಮೇಲೆ ಇನ್ನೊಂದು. ಎಳೆದು ಬಿಗಿಯಬೇಡಿ. ದಂಟು ಚಟ್ ಅಂದರೆ ಅಲ್ಲಿಂದ ಕೊಳೆಯುತ್ತದೆ. ಹೊರಗಿನ ಒಂದೆರಡು ದಂಟು ಮುರಿದೇ ಮುರಿಯುತ್ತವೆ, ಅವನ್ನು ತೆಗೆದುಹಾಕಿ.

4. ರಟ್ಟನ್ನು ಎರಡು ಸುತ್ತು ಸುತ್ತಿ, ನೆಲದಿಂದ ಎರಡಡಿ ಎತ್ತರಕ್ಕೆ. ತುದಿಯ ಎಲೆಗಳು ಹೊರಗೆ ಬಿಸಿಲಿಗೆ ಇರಲಿ. ಪೂರ್ತಿ ಮುಚ್ಚಿದರೆ ಗಿಡ ಉಸಿರುಗಟ್ಟುತ್ತದೆ.

5. ರಟ್ಟಿನ ಬುಡಕ್ಕೆ ಒಂದು ಗೇಣು ಮಣ್ಣು ಏರಿಸಿ. ಕೆಳಗಿನಿಂದ ಬೆಳಕು ನುಸುಳಬಾರದು. ಪಕ್ಕಕ್ಕೆ ಗೂಟ ಹೊಡೆದು ಕಟ್ಟಿ, ಇಲ್ಲವಾದರೆ ಅಕ್ಟೋಬರಿನ ಗಾಳಿಗೆ ಇಡೀ ಕಟ್ಟು ಮಲಗುತ್ತದೆ.

ಕಪ್ಪು ಪ್ಲಾಸ್ಟಿಕ್ ಬೇಡವೇ ಬೇಡ. ಸುಲಭ ಅಂತ ಎಲ್ಲರೂ ಅದನ್ನೇ ಸುತ್ತುತ್ತಾರೆ, ಒಳಗೆ ಬೆವರು ಕಟ್ಟಿ ಎರಡು ವಾರಕ್ಕೆ ವಾಸನೆ. ರಟ್ಟು ಮಳೆಗೆ ನೆನೆದು ಮೆತ್ತಗಾದರೆ ಬದಲಿಸಿ, ಅಷ್ಟೇ.

ನಿಜ್ಜಾ ಮೊನ್‌ಫೆರ್ರಾತೊದವರ ದಾರಿ ಬೇರೆ. ಸೆಪ್ಟೆಂಬರಿನಲ್ಲಿ ಗಿಡವನ್ನು ಪಕ್ಕಕ್ಕೆ ಬಾಗಿಸಿ ಮರಳುಮಣ್ಣಿನಲ್ಲಿ ಹೂಳುತ್ತಾರೆ. ಅದು ಬೆಳಕಿನ ಕಡೆ ಏಳಲು ಹೋಗಿ ಗೂನಾಗುತ್ತದೆ. ಅದಕ್ಕೇ "ಗೋಬ್ಬೊ", ಅಂದರೆ ಗೂನುಬೆನ್ನಿನದು, ಎಂಬ ಹೆಸರು. ಹಸಿಯಾಗಿಯೇ ತಿನ್ನುವಷ್ಟು ಎಳೆಯದಾಗುತ್ತದೆ. ನಮ್ಮ ಕಡೆಯ ಜೇಡಿ ಮಣ್ಣಿನಲ್ಲಿ ಇದನ್ನು ಮಾಡಲು ಹೋಗಬೇಡಿ. ನಾನು ಹೂತದ್ದು ಗಿಡ, ತೆಗೆದದ್ದು ಕೆಸರು.

ಎಷ್ಟು ದಿನ? ಹವೆ ಬೆಚ್ಚಗಿದ್ದರೆ 3ರಿಂದ 4 ವಾರ, ಚಳಿ ಹೆಚ್ಚಾದರೆ 5 ಅಥವಾ 6. ವಾರಕ್ಕೊಮ್ಮೆ ಮೂಗು ಹತ್ತಿರ ಇಟ್ಟು ಮೂಸಿ. ಮಣ್ಣಿನ ವಾಸನೆ ಬಂದರೆ ಸರಿ. ಹುಳಿ ವಾಸನೆ ಬಂದರೆ ಅದೇ ದಿನ ಬಿಚ್ಚಿ, ಕೊಳೆತ ದಂಟು ತೆಗೆದು, ಉಳಿದದ್ದನ್ನು ಕೊಯ್ದುಬಿಡಿ. ಕಾಯುವುದರಿಂದ ಸರಿಹೋಗುವುದಿಲ್ಲ. ಮೂರು ವಾರದ ಮೇಲೆ ಹೊರಗಿನ ಒಂದು ದಂಟು ಮುರಿದು ನೋಡಿ. ಹಾಲಿನ ಕೆನೆಯ ಬಣ್ಣಕ್ಕೆ ಬಂದಿದ್ದರೆ ಆಯಿತು. ತಿಳಿ ಹಸಿರಿದ್ದರೆ ಇನ್ನೊಂದು ವಾರ.

ಮೂರ್ನಾಲ್ಕು ಗಿಡ ಇದ್ದರೆ ಎಲ್ಲ ಒಂದೇ ದಿನ ಕಟ್ಟಬೇಡಿ. 10 ದಿನಕ್ಕೊಂದು ಕಟ್ಟಿ. ಬಿಳಿಯಾದ ಗಿಡ ಹೊಲದಲ್ಲಿ ಹಾಗೇ ಬಹಳ ದಿನ ನಿಲ್ಲುವುದಿಲ್ಲ.

## 7. ಕೊಯ್ಲು, ಸುಲಿಯುವುದು, ಬೇಯಿಸುವುದು

ಜೋರು ಫ್ರಾಸ್ಟ್‌ಗೆ ಮೊದಲು, ಮಣ್ಣಿನ ಮಟ್ಟಕ್ಕೆ ಚಾಕುವಿನಿಂದ ಕಡಿಯಿರಿ. ಬೇರು ಅಲ್ಲೇ ಇರಲಿ. ಎಲೆಗಳನ್ನೆಲ್ಲ ಕಾಂಪೋಸ್ಟಿಗೆ ಹಾಕಿ, ಅವು ತಿನ್ನಲಾಗದ ಕಹಿ. ಹೊರಗಿನ ದಂಟುಗಳೂ ಹೋದ ಹಾಗೆಯೇ. ತಂದದ್ದರಲ್ಲಿ ಅರ್ಧ ಕಸ ಅಂದುಕೊಂಡೇ ಕೂರಿ.

ಕೈಗವಸು ಹಾಕಿಕೊಳ್ಳಿ. ಈ ಕಹಿ ಬೆರಳಿಗೆ ಅಂಟಿದರೆ ಸೋಪಿಗೂ ಬಗ್ಗುವುದಿಲ್ಲ. ಆಮೇಲೆ ಅದೇ ಕೈಯಲ್ಲಿ ಚಪಾತಿ ತಿಂದಾಗ ಗೊತ್ತಾಗುತ್ತದೆ. ಬೆರಳೂ ಕಂದುಗಟ್ಟುತ್ತದೆ.

ದಂಟಿನ ಅಂಚಿನ ಮುಳ್ಳು, ಎಲೆ ಸವರಿ. ಹೊರಮೈಯ ನಾರನ್ನು ಉದ್ದಕ್ಕೆ ಎಳೆಯಿರಿ. ಒಳಮೈಯಲ್ಲಿ ಒಂದು ತೆಳು ಬಿಳಿ ಪೊರೆ ಇರುತ್ತದೆ, ಅದನ್ನೂ ಉಜ್ಜಿ ತೆಗೆಯಿರಿ. ಈ ಪೊರೆಯನ್ನು ಬಹಳ ಜನ ಮರೆಯುತ್ತಾರೆ, ಕಹಿ ಅಲ್ಲೇ ಕೂತಿರುತ್ತದೆ. ಎರಡು ಇಂಚು ತುಂಡು ಮಾಡುತ್ತಾ ಮಾಡುತ್ತಾ ನೀರಿಗೆ ಹಾಕಿ. ಪುಸ್ತಕಗಳು ನಿಂಬೆ ನೀರು ಅನ್ನುತ್ತವೆ. ಬಾಳೆದಿಂಡು ಹೆಚ್ಚಿದವರಿಗೆ ಉಪಾಯ ಗೊತ್ತೇ ಇದೆಯಲ್ಲ, ಮಜ್ಜಿಗೆ ನೀರು. ಎರಡೂ ಮಾಡುವ ಕೆಲಸ ಒಂದೇ, ಕಪ್ಪಾಗದಂತೆ ತಡೆಯುವುದು.

ಉಪ್ಪು, ಒಂದು ಹೋಳು ನಿಂಬೆ ಹಾಕಿದ ನೀರಿನಲ್ಲಿ 25ರಿಂದ 30 ನಿಮಿಷ ಕುದಿಸಿ ನೀರು ಚೆಲ್ಲಿ. ಚಾಕು ಸಲೀಸಾಗಿ ಇಳಿಯಬೇಕು. ಪ್ರೆಷರ್ ಕುಕ್ಕರ್ ಬೇಡ, ಕಹಿ ನೀರು ಒಳಗೇ ಉಳಿಯುತ್ತದೆ. ರುಚಿ ಆರ್ಟಿಚೋಕ್ ತರಹ, ಕೊನೆಯಲ್ಲಿ ಒಂದೆಳೆ ಕಹಿ. ಸ್ಪೇನಿನ ನವಾರಾದಲ್ಲಿ ಕ್ರಿಸ್‌ಮಸ್ ಊಟಕ್ಕೆ ಇದಕ್ಕೆ ಬಾದಾಮಿ ಅರೆದು ಹಾಕುತ್ತಾರೆ. ಜಿನೀವಾದಲ್ಲಿ ಚೀಸ್ ಹಾಕಿ ಓವನ್ನಿನಲ್ಲಿಡುತ್ತಾರೆ. ನಮ್ಮ ಮನೆಯಲ್ಲಿ ಗೆದ್ದದ್ದು ಮಜ್ಜಿಗೆಹುಳಿ. ತೆಂಗಿನಕಾಯಿ, ಹಸಿಮೆಣಸು, ಮೊಸರು ಆ ಕೊನೆಯ ಕಹಿಯನ್ನು ಚೆನ್ನಾಗಿ ಹಿಡಿಯುತ್ತವೆ. ಸಾಂಬಾರಿಗೆ ಹಾಕಿದರೆ ಕಳೆದುಹೋಗುತ್ತದೆ, ಅಷ್ಟು ಶ್ರಮ ಪಟ್ಟದ್ದು ದಂಡ.

## 8. ಚಳಿಗಾಲ ದಾಟಿಸುವುದು

ಬಸಿಯುವ ಮಣ್ಣಿನಲ್ಲಿ ಬೇರೂರಿದ ಗಿಡ ಸುಮಾರು ಮೈನಸ್ 10 ಡಿಗ್ರಿವರೆಗೆ ತಡೆಯುತ್ತದೆ. ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ಒದ್ದೆ. ನವೆಂಬರಿನಲ್ಲಿ ಬುಡದ ಸುತ್ತ ಒಣ ಹುಲ್ಲು ಅಥವಾ ತರಗೆಲೆ ಒಂದು ಗೇಣು ಹಾಕಿ. ಸುಳಿಯ ಮೇಲೆ ಒತ್ತಿ ಮುಚ್ಚಬೇಡಿ, ಗಾಳಿ ಆಡಲಿ. ಹಸಿ ಗೊಬ್ಬರ ಹಾಕಲೇಬೇಡಿ. ಬೆಚ್ಚಗಿರಲಿ ಎಂದು ಹಾಕಿ ಒಂದು ಗಿಡವನ್ನು ನಾನೇ ಕೈಯಾರೆ ಕೊಳೆಸಿದ್ದೇನೆ.

ಮಾರ್ಚಿನಲ್ಲಿ ಹುಲ್ಲು ಸರಿಸಿ. ಬುಡ ಒತ್ತಿ ನೋಡಿ, ಗಟ್ಟಿಯಿದ್ದರೆ ಮೇವರೆಗೂ ಕಾಯಿರಿ, ಚಿಗುರು ಬರುತ್ತದೆ. ಬೆರಳು ಒಳಗೆ ಹೋದರೆ ಮುಗಿಯಿತು. ಹಿಂದಿನ ವರ್ಷ ಕಡಿದ ಗಿಡ ಚಿಗುರಿದರೆ ಆ ವರ್ಷ ಮತ್ತೆ ಸುತ್ತಬೇಡಿ, ಸುಮ್ಮನೆ ಬಿಡಿ. ಪ್ರತಿ ವರ್ಷ ದಂಟು ಬೇಕಾದರೆ ಹೊಸ ಬೀಜ ಹಾಕುವುದೇ ಸರಿ. ಮೊದಲ ವರ್ಷದ ದಂಟಿನ ರುಚಿ ಹಳೆ ಬುಡಕ್ಕೆ ಬರುವುದಿಲ್ಲ.

## 9. ಹೂವಿನ ಗಿಡದ ಕೆಲಸ

ಇದಕ್ಕೆ ಆರೈಕೆ ಕಡಿಮೆ. ಎರಡನೇ ವರ್ಷದಿಂದ ಜುಲೈ, ಆಗಸ್ಟಿನಲ್ಲಿ ಹೂವು. ಜೂನಿನಲ್ಲಿ ಕಾಂಡ ಎದೆಯೆತ್ತರ ಬಂದಾಗಲೇ ಗೂಟ ಕೊಡಿ, ಬಿದ್ದ ಮೇಲೆ ಎತ್ತಿ ಕಟ್ಟಿದ್ದು ಯಾವತ್ತೂ ನೆಟ್ಟಗೆ ಕಾಣುವುದಿಲ್ಲ. ನೆರಳಿದ್ದರೆ, ಗೊಬ್ಬರ ಜಾಸ್ತಿಯಾದರೆ ವಾಲುತ್ತದೆ. ಹೂ ಬಿಡುವ ಹೊತ್ತಿಗೆ ಕೆಳಗಿನ ಎಲೆ ಹಳದಿಯಾಗುವುದು ರೋಗ ಅಲ್ಲ. ಮುಂದೆ ಎರಡಡಿಯ ಬೇರೆ ಗಿಡ ಇಟ್ಟರೆ ಆ ಕಾಲು ಮುಚ್ಚುತ್ತದೆ.

ಜೇನು, ಬಂಬಲ್‌ಬೀ ಹೂವಿನ ಮೇಲೆ ಮಲಗಿಬಿಡುತ್ತವೆ. ಪೋರ್ಚುಗಲ್‌ನ ಸೆರ್ರಾ ದ ಎಸ್ಟ್ರೆಲಾ ಚೀಸ್‌ಗೆ ಕುರಿ ಹಾಲು ಒಡೆಸುವುದು ಈ ನೇರಳೆ ಎಳೆಗಳಿಂದಲೇ. ಕರುವಿನ ಹೊಟ್ಟೆಯ ರೆನೆಟ್ ಬೇಡ ಅನ್ನುವ ನಮ್ಮಂಥವರಿಗೆ ತಿಳಿದಿರಲಿ.

ಹೂವು ಕಂದಾಗಿ, ಬಿಳಿ ಕೂದಲು ಹಾರುವ ಮೊದಲೇ ತಲೆ ಕತ್ತರಿಸಿ. ಬೆಚ್ಚನೆ ಊರುಗಳಲ್ಲಿ ಇದು ಸಲಹೆ ಅಲ್ಲ, ಕಡ್ಡಾಯ. ಆಮೇಲೆ ಕಾಂಡವನ್ನು ನೆಲಮಟ್ಟಕ್ಕೆ ಕಡಿದರೆ ಅಕ್ಟೋಬರ್ ಹೊತ್ತಿಗೆ ಹೊಸ ಬೆಳ್ಳಿ ಎಲೆ ಬರುತ್ತದೆ.

## 10. ಕಂದು ತೆಗೆಯುವುದು

ಮೂರ್ನಾಲ್ಕು ವರ್ಷಕ್ಕೆ ಬುಡ ಗುಂಪಾಗುತ್ತದೆ, ಹೂವು ಸಣ್ಣದಾಗುತ್ತದೆ. ಬಾಳೆಯ ಹಾಗೆ ಇದಕ್ಕೂ ಪಕ್ಕದಲ್ಲಿ ಕಂದು. ಏಪ್ರಿಲ್‌ನಲ್ಲಿ ಚಿಗುರು ಗೇಣುದ್ದ ಆದಾಗ ಮಣ್ಣು ಸರಿಸಿ, ಚಾಕುವಿನಿಂದ ಬೇರಿನ ಸಮೇತ ಸೀಳಿ. ಬೇರಿಲ್ಲದ ಕಂದು ಹಿಡಿಯುವುದು ಕಷ್ಟ. ತಾಯಿಗಿಡದಲ್ಲಿ ಮೂರು ಗಟ್ಟಿ ಚಿಗುರು ಬಿಡಿ.

ಹೆಚ್ಚಾದ ಕಂದುಗಳನ್ನು ಎಸೆಯಬೇಡಿ. ಇಟಲಿಯಲ್ಲಿ ಆರ್ಟಿಚೋಕ್‌ನ ಇಂಥ ಕಂದುಗಳನ್ನು "ಕಾರ್ದುಚ್ಚಿ" ಎಂದು ಸುಲಿದು ಬೇಯಿಸಿ ತಿನ್ನುತ್ತಾರೆ. ನೆಡುವ ಕಂದಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಕುಂಡದಲ್ಲಿ ನೆಟ್ಟು, ನೆರಳಿನಲ್ಲಿಡಿ. ಮೊದಲ ವಾರ ಉಳಿದ ಎಲೆಗಳೂ ಜೋತು ಬೀಳುತ್ತವೆ. ಆಗ ಸಿಕ್ಕಾಪಟ್ಟೆ ನೀರು ಹಾಕಬೇಡಿ. ನಡುವಿನ ಸುಳಿ ಹಸಿರಾಗಿದ್ದರೆ ಅದು ಬದುಕಿದೆ.